ಲೋಟದ ಕೆಳಗಿನ ದಾಳ, ಬಳಪದ ಕಲ್ಲಿನ ವೀರಗಲ್ಲು: ನಮ್ಮ ಆಟದ ಸಾವಿನ ನಿಯಮ ರಿಪೇರಿ ಮಾಡಿದ್ದು

ಏನು ಕೆಟ್ಟಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ನಾವು ಆಡುವುದು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಅದರಲ್ಲಿ ಯಾರಿಗೂ ಸಾವಿನ ಭಯವೇ ಇರಲಿಲ್ಲ. ಬಿದ್ದರೆ ಏಳಿಸುತ್ತಾರೆ, ಮತ್ತೆ ಬಿದ್ದರೆ ಮತ್ತೆ ಏಳಿಸುತ್ತಾರೆ. ಹೀಗೇ ಆರು ತಿಂಗಳು ನಡೆಯಿತು. ಆಮೇಲೆ ಒಂದು ಭಾನುವಾರ ಒಬ್ಬ ಗೆಳೆಯನ ಪಾತ್ರ ನಿಜವಾಗಿಯೂ ಸತ್ತಿತು. ಹೊಸ ಪಾತ್ರ ಮಾಡಿಕೊಂಡು ಬಂದ, ಅದೂ ಮುಂದಿನ ವಾರವೇ ಸತ್ತಿತು. ಅವನು ಎರಡು ತಿಂಗಳು ಆಟದ ಕಡೆ ತಲೆ ಹಾಕಲಿಲ್ಲ. ಒಂದು ಕಡೆ ಸಾವಿಗೆ ಬೆಲೆಯೇ ಇಲ್ಲ, ಇನ್ನೊಂದು ಕಡೆ ಸತ್ತವನಿಗೆ ಜಾಗವೇ ಇಲ್ಲ. ಎರಡನ್ನೂ ಒಟ್ಟಿಗೆ ಸರಿ ಮಾಡಬೇಕಿತ್ತು. ಅದನ್ನು ಹೇಗೆ ಮಾಡಿದೆವು, ಎಲ್ಲೆಲ್ಲಿ ತಪ್ಪಿದೆವು, ಈಗ ಯಾವ ನಿಯಮದಲ್ಲಿ ಆಡುತ್ತಿದ್ದೇವೆ ಅನ್ನುವುದೆಲ್ಲ ಇಲ್ಲಿದೆ.

ನಾವು ಐದು ಜನ ಆಡುವವರು, ಆಡಿಸುವವನು ನಾನು. ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮ ಮನೆ ಮಹಡಿ ಮೇಲೆ ಭಾನುವಾರ ಮಧ್ಯಾಹ್ನ ಕೂರುತ್ತೇವೆ. ಒಬ್ಬ ಸಕಲೇಶಪುರದ ತೋಟದಿಂದ ಬರುತ್ತಾನೆ, ಇನ್ನೊಬ್ಬರು ಹೈಸ್ಕೂಲ್ ಮೇಡಂ, ಒಬ್ಬಳು ನನ್ನ ತಂಗಿ, ಉಳಿದ ಇಬ್ಬರು ನನ್ನ ಕಾಲೇಜಿನ ಗೆಳೆಯರು. ಆಟ ಡಂಜನ್ಸ್ ಅಂಡ್ ಡ್ರಾಗನ್ಸ್, 2014ರ ಐದನೇ ಆವೃತ್ತಿ. ಮಾತೆಲ್ಲ ಕನ್ನಡದಲ್ಲೇ. ಇದರ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟರು. ಹಾಗಾಗಿ ಬೇಕಾದಷ್ಟನ್ನು ಕನ್ನಡಕ್ಕೆ ತಂದು, ಬದಲಾಯಿಸಿ, ಪ್ರಿಂಟ್ ತೆಗೆದು ಹಂಚಿಕೊಳ್ಳಲು ಯಾವ ಅಳುಕೂ ಇರಲಿಲ್ಲ.

ಆಡದವರಿಗೆ ಎರಡು ಮಾತು. ಪ್ರತಿ ಪಾತ್ರಕ್ಕೂ ಎಚ್‌ಪಿ ಅಂತ ಇರುತ್ತದೆ, ಅಂದರೆ ಎಷ್ಟು ಪೆಟ್ಟು ತಡೆದುಕೊಳ್ಳಬಹುದು ಅನ್ನುವ ಲೆಕ್ಕ. ಅದು 0 ಆದರೆ ಪಾತ್ರ ಎಚ್ಚರ ತಪ್ಪಿ ಬೀಳುತ್ತದೆ. ಆಮೇಲೆ ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಹಾಕಬೇಕು. 10 ಅಥವಾ ಜಾಸ್ತಿ ಬಂದರೆ ಒಂದು ಗೆಲುವು, ಕಮ್ಮಿ ಬಂದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ, ಮೂರು ಸೋಲಾದರೆ ಸಾವು. 1 ಬಿದ್ದರೆ ಎರಡು ಸೋಲಿನ ಲೆಕ್ಕ, 20 ಬಿದ್ದರೆ 1 ಎಚ್‌ಪಿಯೊಂದಿಗೆ ಅಲ್ಲೇ ಎದ್ದು ಕೂರಬಹುದು. ಬಿದ್ದವರಿಗೆ ಯಾರಾದರೂ ಮತ್ತೆ ಹೊಡೆದರೆ ದಾಳವಿಲ್ಲದೆಯೇ ಕಮ್ಮಿ ಅಂದರೂ ಒಂದು ಸೋಲು.

ಯಾರೂ ಸಹಾಯಕ್ಕೆ ಬರದಿದ್ದರೆ ಬಿದ್ದವನು ಉಳಿಯುವ ಸಾಧ್ಯತೆ ಎಷ್ಟು ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನೂರಕ್ಕೆ 59.5. ಕೇಳಿದರೆ ಭಯ ಆಗುವ ಸಂಖ್ಯೆಯೇ. ಆದರೆ ಸಹಾಯಕ್ಕೆ ಯಾರೂ ಬರದೇ ಇರುವುದು ಅಂತ ಈ ಆಟದಲ್ಲಿ ಇಲ್ಲವೇ ಇಲ್ಲ. ಹೀಲಿಂಗ್ ವರ್ಡ್ ಅನ್ನುವ ಒಂದನೇ ಮಟ್ಟದ ಮಂತ್ರ ಇದೆ. 60 ಅಡಿ ದೂರದಿಂದಲೇ ಹೇಳಬಹುದು, ಹೇಳಿದವರು ಅದೇ ಸರದಿಯಲ್ಲಿ ಹೊಡೆಯಲೂಬಹುದು. ನಾಲ್ಕು ಎಚ್‌ಪಿ ಬಂದರೂ ಸಾಕು, ಬಿದ್ದವನು ಪೂರ್ತಿ ಶಕ್ತಿಯಿಂದ ಕತ್ತಿ ಬೀಸುತ್ತಾನೆ. ಯಾಕೆಂದರೆ ಎಚ್‌ಪಿ 0ಗಿಂತ ಕೆಳಗೆ ಇಳಿಯುವುದೇ ಇಲ್ಲ, ಎಷ್ಟು ಜೋರಾಗಿ ಬಿದ್ದಿದ್ದ ಅನ್ನುವುದು ಎಲ್ಲೂ ಉಳಿಯುವುದಿಲ್ಲ. ಒಂದೇ ಕಾಳಗದಲ್ಲಿ ನನ್ನ ತಂಗಿಯ ಫೈಟರ್ ನಾಲ್ಕು ಸಲ ಬಿದ್ದು ನಾಲ್ಕು ಸಲ ಎದ್ದಳು. ಐದನೇ ಸಲ ಬಿದ್ದಾಗ ಮೇಡಂ ತಲೆ ಎತ್ತಿ ಕೂಡ ನೋಡಲಿಲ್ಲ, ಕೋಡುಬಳೆ ತಿನ್ನುತ್ತಾ "ಹೀಲಿಂಗ್ ವರ್ಡ್" ಅಂದರು. ಅವತ್ತೇ ನನಗೆ ಗೊತ್ತಾಯಿತು, ಇದು ಕೆಟ್ಟಿದೆ ಅಂತ.

ಹಳೇ ನಿಯಮಗಳು ಹೀಗಿರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೊದಲ ಆವೃತ್ತಿ ತಂದಾಗ 0 ಅಂದರೆ ಸಾವೇ. 2000ದ ಮೂರನೇ ಆವೃತ್ತಿಯಲ್ಲಿ -10ರವರೆಗೆ ಇಳಿಯಬಹುದಿತ್ತು, ಬಿದ್ದವರಿಗೆ ರಕ್ತ ಸುರಿದು ಒಂದೊಂದೇ ಎಚ್‌ಪಿ ಹೋಗುತ್ತಿತ್ತು, ಅಲ್ಲಿಗೆ ಮುಟ್ಟಿದರೆ ಮುಗಿಯಿತು. ಅದಕ್ಕೇ ವಾಪಸ್ ಹೋಗೋಣವೇ ಅಂತ ಮೊದಲು ಯೋಚಿಸಿದೆ. ಆದರೆ ನಮ್ಮವರು ತಮ್ಮ ಪಾತ್ರಗಳನ್ನು ತುಂಬಾ ಹಚ್ಚಿಕೊಂಡಿದ್ದಾರೆ. ಒಂದು ಕೆಟ್ಟ ದಾಳಕ್ಕೆ ಎಂಟು ತಿಂಗಳ ಪಾತ್ರ ಹೋಗುವುದು ನನಗೂ ಬೇಡವಾಗಿತ್ತು.

ಮೊದಲ ರಿಪೇರಿ ಸೋತಿತು. 0ಕ್ಕೆ ಬಿದ್ದು ಎದ್ದರೆ ಒಂದು ಮಟ್ಟದ ಸುಸ್ತು ಅಂತ ಮಾಡಿದೆ. ಪುಸ್ತಕದಲ್ಲೇ ಇರುವ ನಿಯಮ ಅದು, ಆರು ಮಟ್ಟ ಇದೆ, ಆರನೆಯದು ಸಾವು. ಆದರೆ ಎರಡನೇ ಮಟ್ಟಕ್ಕೇ ನಡಿಗೆ ಅರ್ಧ ಆಗುತ್ತದೆ, ಮೂರಕ್ಕೆ ಹೊಡೆತವೂ ತಪ್ಪಲು ಶುರುವಾಗುತ್ತದೆ. ಬಿದ್ದವರು ಮತ್ತೆ ಬೀಳುವುದು ಜಾಸ್ತಿಯಾಯಿತು, ಆಟ ಮಾತ್ರ ಮುಂದೆ ಹೋಗಲಿಲ್ಲ. ಒಂದು ಕಾಳಗ ಆದರೆ ಮೂರು ದಿನ ಮಲಗಬೇಕು ಅನ್ನುವ ಹಾಗಾಯಿತು. ಮೂರು ವಾರಕ್ಕೆ ಕಿತ್ತುಹಾಕಿದೆ.

ಎರಡನೆಯದು ನಿಂತಿತು. ಬಿದ್ದು ಎದ್ದರೆ ಶಕ್ತಿ ಕಮ್ಮಿಯಾಗುವುದಿಲ್ಲ, ಆದರೆ ಒಂದು ಗಾಯ ಉಳಿಯುತ್ತದೆ. ಒಂದು ಗಾಯ ಇದ್ದರೆ ಮುಂದಿನ ಸಲ ಬಿದ್ದಾಗ ಗೆಲುವಿಗೆ 10ರ ಬದಲು 11 ಬೇಕು. ಎರಡಿದ್ದರೆ 12. ಮೂರಿದ್ದರೆ 13. ಅಷ್ಟೇ. ಎದ್ದು ಓಡಾಡುವಾಗ ಅದು ಕಾಣುವುದಿಲ್ಲ, ಬಿದ್ದಾಗ ಮಾತ್ರ ಅನುಭವಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ ಉಳಿಯುವ ಸಾಧ್ಯತೆ 59.5ರಿಂದ ಒಂದು ಗಾಯಕ್ಕೆ 52ಕ್ಕೆ, ಎರಡಕ್ಕೆ 44.6ಕ್ಕೆ, ಮೂರಕ್ಕೆ 37.6ಕ್ಕೆ ಇಳಿಯುತ್ತದೆ. ಪ್ರತಿ ಗಾಯಕ್ಕೂ ಹೆಚ್ಚು ಕಡಿಮೆ ಏಳರಷ್ಟು. ಈ ಇಳಿತ ನನಗೆ ಬಹಳ ಇಷ್ಟವಾಯಿತು, ಯಾರನ್ನೂ ತಟ್ಟನೆ ಕೊಲ್ಲುವುದಿಲ್ಲ, ಆದರೆ ನಾಲ್ಕು ಸಲ ಎದ್ದವನು ಐದನೇ ಸಲ ಬೀಳುವ ಮುಂಚೆ ಯೋಚನೆ ಮಾಡುತ್ತಾನೆ. ಗಾಯ ಮಾಯುವುದು ಯಾವುದಾದರೂ ಊರಿನಲ್ಲಿ, ಸೂರಿನ ಕೆಳಗೆ ಮಲಗಿದರೆ ಮಾತ್ರ, ರಾತ್ರಿಗೆ ಒಂದರಂತೆ. ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಮಲಗಿದರೆ ಮಾಯುವುದಿಲ್ಲ.

ಗಾಯದ ಗುರುತಿಗೆ ಮೊದಲು ಗುಲಗಂಜಿ ಇಟ್ಟಿದ್ದೆ. ಕೆಂಪು, ಮೇಲೆ ಕಪ್ಪು ಚುಕ್ಕೆ, ನೋಡಲು ತುಂಬಾ ಚೆನ್ನ. ಒಂದು ದಿನ ಗೆಳೆಯನ ಮೂರು ವರ್ಷದ ಮಗಳು ಟೇಬಲ್ ಹತ್ತಿರ ಬಂದು ಒಂದನ್ನು ಬಾಯಿಗೆ ಇಡಲು ಹೋದಳು. ಗುಲಗಂಜಿ ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಕೈ ಹಿಡಿದು ಕಿತ್ತುಕೊಂಡೆವು, ಏನೂ ಆಗಲಿಲ್ಲ. ಆದರೆ ಅವತ್ತೇ ಅಷ್ಟನ್ನೂ ಮನೆಯಿಂದ ಆಚೆ ಹಾಕಿದೆ. ಆಟಕ್ಕೆ ಬಳಸುವವರು ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಈಗ ಇರುವುದು ಸಕಲೇಶಪುರದವನು ತಂದ ರೊಬಸ್ಟಾ ಚೆರಿ, ಅಂದರೆ ಕಾಫಿ ಹಣ್ಣು, ಸಿಪ್ಪೆ ಸಮೇತ ಒಣಗಿಸಿದ್ದು. ಕಪ್ಪಗೆ ಗುಂಡಗೆ ಇರುತ್ತದೆ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಮುಂದೆ ಮೂರು ಕಾಯಿ ಇಟ್ಟುಕೊಂಡು ಕೂತವರು ಕೈಯಲ್ಲಿ ಅದನ್ನು ಉರುಳಿಸುತ್ತಲೇ ಇರುತ್ತಾರೆ. ಮಕ್ಕಳಿದ್ದಾಗ ಇದನ್ನೂ ಡಬ್ಬಿಯಲ್ಲೇ ಇಡುತ್ತೇವೆ.

ಇನ್ನು ಲೋಟದ ವಿಷಯ. ದಾಳ ಎಲ್ಲರ ಮುಂದೆ ಬೀಳುತ್ತಿದ್ದರಿಂದ ಎಲ್ಲರಿಗೂ ಲೆಕ್ಕ ಗೊತ್ತು. "ಒಂದೇ ಸೋಲು ಆಗಿದೆ, ಇನ್ನೂ ಒಂದು ಸರದಿ ಬಿಡಬಹುದು, ಅಲ್ಲಿಯವರೆಗೆ ಪೆಟ್ಟಿಗೆ ಒಡೆಯೋಣ" ಅನ್ನುವ ಮಾತು ನಮ್ಮಲ್ಲಿ ಎಷ್ಟೋ ಸಲ ಬಂದಿದೆ. ಗೆಳೆಯ ಕೆಸರಿನಲ್ಲಿ ಬಿದ್ದಿದ್ದಾನೆ, ಇವರು ಪೆಟ್ಟಿಗೆ ಒಡೆಯುತ್ತಾರೆ. ಇದು ಆಡುವವರ ತಪ್ಪಲ್ಲ, ನಿಯಮವೇ ಹಾಗೆ ಕಲಿಸುತ್ತಿತ್ತು.

ಹಾಗಾಗಿ ದಾಳ ಹಾಕುವವರು ಅದನ್ನು ಸ್ಟೀಲ್ ಲೋಟದೊಳಗೆ ಹಾಕಿ, ಕುಲುಕಿ, ಮೇಜಿನ ಮೇಲೆ ಬೋರಲು ಹಾಕಬೇಕು. ಯಾರೂ ನೋಡಬಾರದು, ಹಾಕಿದವರೂ, ನಾನೂ. ಮುಂದಿನ ಸರದಿಗೆ ಪಕ್ಕದಲ್ಲಿ ಇನ್ನೊಂದು ಲೋಟ. ಯಾರಾದರೂ ಹತ್ತಿರ ಬಂದು ಮುಟ್ಟಿದಾಗ ಅಥವಾ ಮಂತ್ರ ಹೇಳಿದಾಗ ಮಾತ್ರ ಲೋಟಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಎತ್ತುವುದು. ಆಗಲೇ ಸತ್ತಿದ್ದರೆ ಮಂತ್ರ ವ್ಯರ್ಥ.

ಮೊದಲು ಮೂರು ಲೋಟ ಇಟ್ಟಿದ್ದೆ. ಮೇಡಂ ತಿದ್ದಿದರು. ಎರಡು ಗೆಲುವು ಎರಡು ಸೋಲು ಆದರೆ ಐದನೆಯದು ಬೇಕಲ್ವಾ ಅಂದರು. ಸರಿಯಾಗಿತ್ತು. ಈಗ ಐದು ಲೋಟ, ಐದು ದಾಳ. ಐದಕ್ಕಿಂತ ಜಾಸ್ತಿ ಯಾವತ್ತೂ ಬೇಕಾಗುವುದಿಲ್ಲ, ಅಷ್ಟರೊಳಗೆ ಯಾವುದಾದರೂ ಒಂದು ಕಡೆ ಮೂರು ಆಗಿಯೇ ಇರುತ್ತದೆ. ಬಿದ್ದವರಿಗೆ ಮತ್ತೆ ಪೆಟ್ಟು ಬಿದ್ದರೆ ಕೊನೆಯ ಲೋಟದ ತಲೆ ಮೇಲೆ ಒಂದು ಅಡಿಕೆ, ಅದು ಒಂದು ಸೋಲು. 20 ಬಿದ್ದಿದ್ದರೆ ಏನು ಮಾಡುವುದು ಅನ್ನುವುದು ಸ್ವಲ್ಪ ಜಗಳಕ್ಕೆ ಬಂತು. ಪುಸ್ತಕದ ಪ್ರಕಾರ ತಕ್ಷಣ ಏಳಬೇಕು. ನಾನು ಮಾತ್ರ ಬಗ್ಗಿ ನೋಡುತ್ತೇನೆ ಅಂದೆ, ಎರಡು ವಾರದಲ್ಲಿ ನನ್ನ ಮುಖ ನೋಡಿಯೇ ಎಲ್ಲರೂ ಹೇಳತೊಡಗಿದರು. ಈಗ 20 ಕೂಡ ಲೋಟ ಎತ್ತುವವರೆಗೆ ಮಲಗಿಯೇ ಇರುತ್ತದೆ. ಎತ್ತಿದಾಗ ಕಂಡರೆ ಅದರ ಹಿಂದಿನ ಸೋಲು ಮೂರಾಗಿಲ್ಲದಿದ್ದರೆ ಪಾತ್ರ ಕಣ್ಣು ಬಿಡುತ್ತದೆ.

ಇದೊಂದೇ ಬದಲಾವಣೆಯಿಂದ ನಮ್ಮ ಆಟ ಎಷ್ಟು ಬದಲಾಯಿತು ಅಂದರೆ, ಈಗ ಯಾರಾದರೂ ಬಿದ್ದ ತಕ್ಷಣ ಎಲ್ಲರೂ ಆ ಕಡೆ ಓಡುತ್ತಾರೆ. ಲೋಟ ಮೇಜಿಗೆ ಬಡಿದ ಟಣ್ ಸದ್ದಿಗೆ ಮಾತು ನಿಲ್ಲುತ್ತದೆ.

ನಡುವೆ ಒಂದು ನಿಯಮ ಮಾಡಿ ತೆಗೆದದ್ದೂ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಒಂದು ಗರುಡಗಂಬ ಇದೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿಗೆ ನಿಲ್ಲಿಸಿದ್ದು. ಗರುಡರು ಅಂದರೆ ಒಡೆಯನನ್ನು ಕಾಯಲು, ಅವನ ಜೊತೆಯೇ ಪ್ರಾಣ ಬಿಡಲು ಮಾತು ಕೊಟ್ಟವರು. ಅದರಿಂದ ಒಬ್ಬ ಪಾತ್ರ ಇನ್ನೊಬ್ಬರಿಗೆ ಗರುಡ ಆಗಬಹುದು, ಅವರ ಪೆಟ್ಟನ್ನು ತಾನು ತಗೊಳ್ಳಬಹುದು ಅಂತ ಮಾಡಿದೆ. ಇಬ್ಬರೂ ಒಟ್ಟಿಗೆ ಬೀಳುತ್ತಿದ್ದರು, ಆಟಕ್ಕೆ ಉಪಕಾರ ಏನೂ ಆಗಲಿಲ್ಲ. ಬಿಟ್ಟೆವು.

ಈಗ ಲೆವೆಲ್, ಅಂದರೆ ಪಾತ್ರದ ಶಕ್ತಿಯ ಮೆಟ್ಟಿಲು, ಏರುವ ವಿಷಯ. ಸಾವಿನ ನಿಯಮ ಸರಿ ಮಾಡಬೇಕಾದರೆ ಇದನ್ನೂ ಮುಟ್ಟಲೇಬೇಕು. ಸತ್ತಾಗ ಕಳೆದುಕೊಳ್ಳುವುದು ಕೂಡಿಟ್ಟದ್ದನ್ನೇ ಅಲ್ವಾ?

ಪುಸ್ತಕದಲ್ಲಿ ಎಕ್ಸ್‌ಪಿ, ಅಂದರೆ ಲೆವೆಲ್ ಏರಲು ಕೂಡಿಡುವ ಅನುಭವದ ಅಂಕ, ಬರುವುದು ಮುಖ್ಯವಾಗಿ ಎದುರಾಳಿಗಳನ್ನು ಸೋಲಿಸಿದ್ದಕ್ಕೆ. ಪುಟ್ಟ ದುಷ್ಟಜೀವಿ ಗಾಬ್ಲಿನ್‌ಗೆ 50, ದೈತ್ಯ ಓಗರ್‌ಗೆ 450, ಸಾಮಾನ್ಯ ದರೋಡೆಕೋರನಿಗೆ 25. ಎರಡನೇ ಲೆವೆಲ್‌ಗೆ 300 ಬೇಕು, ಮೂರಕ್ಕೆ 900, ನಾಲ್ಕಕ್ಕೆ 2,700, ಐದಕ್ಕೆ 6,500. ಇನ್ನೂ ಹಳೇ ಆಟದಲ್ಲಿ ಹೊತ್ತು ತಂದ ಚಿನ್ನಕ್ಕೇ ಹೆಚ್ಚು ಎಕ್ಸ್‌ಪಿ ಇತ್ತು, ಒಂದು ಚಿನ್ನದ ನಾಣ್ಯಕ್ಕೆ ಒಂದು. ಅಲ್ಲಿ ಜನ ಕಾಳಗ ತಪ್ಪಿಸಿಕೊಂಡು ಚಿನ್ನ ಕದಿಯುತ್ತಿದ್ದರು. ನಿಯಮ ಯಾವುದಕ್ಕೆ ಕೂಲಿ ಕೊಡುತ್ತದೋ ಜನ ಅದನ್ನೇ ಮಾಡುತ್ತಾರೆ. ನಮ್ಮಲ್ಲಿ ಒಮ್ಮೆ ದನ ಕದ್ದವರು ಕತ್ತಿ ಕೆಳಗಿಟ್ಟು ಕೈ ಮುಗಿದರು. ನನ್ನ ಗೆಳೆಯ ಸುಮ್ನೆ ಲೆಕ್ಕ ಕೇಳುವ ಹಾಗೆ ಕೇಳಿದ, "ಬಿಟ್ಟರೂ 25 ಬರುತ್ತಾ, ಕೊಂದರೆ ಮಾತ್ರಾನಾ?" ಸೋಲಿಸಿದರೆ ಸಾಕು ಅಂತ ಹೇಳಿದೆ. ಆದರೆ ಆ ಪ್ರಶ್ನೆ ನನಗೆ ಬಹಳ ದಿನ ಬೇಸರ ತಂದಿತು.

ಕಥೆಯ ಘಟ್ಟ ದಾಟಿದಾಗ ಎಲ್ಲರಿಗೂ ಒಟ್ಟಿಗೆ ಲೆವೆಲ್ ಕೊಡುವುದನ್ನೂ ನೋಡಿದೆವು. ಜಗಳ ಇಲ್ಲ, ಲೆಕ್ಕ ಇಲ್ಲ. ಆದರೆ ಏನು ಮಾಡಿದ್ದಕ್ಕೆ ಬಂತು ಅಂತ ಯಾರಿಗೂ ನೆನಪಿಲ್ಲ. ನನಗೆ ಅದು ಸಾಲಲಿಲ್ಲ.

ದಾರಿ ಸಿಕ್ಕಿದ್ದು ಹಲ್ಮಿಡಿಯಲ್ಲಿ. ನಮ್ಮ ಜಿಲ್ಲೆಯದೇ ಊರು, ಬೇಲೂರು ತಾಲ್ಲೂಕು. ಕ್ರಿ.ಶ. 450ರ ಸುಮಾರಿನ ಆ ಶಾಸನವನ್ನು ಕನ್ನಡದ ಹಳೆಯ ಶಾಸನ ಅಂತ ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ, ಅದರೊಳಗೆ ಏನಿದೆ ಅಂತ ಓದಿರುವುದಿಲ್ಲ. ಯುದ್ಧದಲ್ಲಿ ಶೌರ್ಯ ತೋರಿಸಿದ ವಿಜ ಅರಸನಿಗೆ ಎರಡು ಊರು ಕೊಟ್ಟ ವಿಷಯ ಅದು. ಆ ಕೊಡುಗೆಗೆ ಅಲ್ಲಿ ಇರುವ ಹೆಸರು ಬಾಳ್ಗಳ್ಚು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಕಾಳಗ ಮುಗಿಸಿ ಕತ್ತಿ ತೊಳೆದವನಿಗೆ ಕೊಟ್ಟದ್ದು. ಇಂಥವನು ಇಂಥ ಕೆಲಸ ಮಾಡಿದ, ಇಂಥದ್ದು ಕೊಟ್ಟೆವು ಅಂತ ಹೆಸರು ಹಿಡಿದು ಕಲ್ಲಿಗೆ ಬರೆದಿದ್ದಾರೆ. ಎಷ್ಟು ಜನರನ್ನು ಕೊಂದ ಅನ್ನುವ ಲೆಕ್ಕ ಅಲ್ಲಿ ಇಲ್ಲ.

ನಮ್ಮ ನಿಯಮ ಅದರಿಂದ ಬಂತು. ಆಟ ಮುಗಿದ ಮೇಲೆ ಪ್ರತಿಯೊಬ್ಬರ ಬಗ್ಗೆಯೂ ಅವರ ಎಡಗಡೆ ಕೂತವರು ಒಂದು ಸಾಲು ಹೇಳಬೇಕು. ಕಲ್ಲಿನ ಮೇಲೆ ಬರೆಯುವಂಥ ಸಾಲು, ಜಾಸ್ತಿ ಮಾತು ಬೇಡ. ಉಳಿದವರು ಹೌದು ಅಂದರೆ ಒಂದು ಗೆರೆ. ಯಾರೂ ಮರೆಯಲಾಗದಂಥ ಕೆಲಸ ಅಂದರೆ ಎರಡು. ಅದಕ್ಕಿಂತ ಜಾಸ್ತಿ ಇಲ್ಲ. ಸಾಲನ್ನು ಪಾತ್ರದ ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೊದಲು ಮುಂದಿನ ಲೆವೆಲ್‌ಗೆ ಈಗಿನ ಲೆವೆಲ್‌ನಷ್ಟು ಗೆರೆ ಸಾಕು ಅಂತ ಇಟ್ಟಿದ್ದೆ, ಆರೇ ಗೆರೆಗೆ ನಾಲ್ಕನೇ ಲೆವೆಲ್ ಬಂದುಬಿಡುತ್ತಿತ್ತು, ಹೊಸ ಮಂತ್ರ ಕಲಿತು ಬಳಸುವ ಮುಂಚೆಯೇ ಅದಕ್ಕಿಂತ ದೊಡ್ಡದು. ಈಗ ಲೆವೆಲ್ ಜೊತೆ ಎರಡು ಕೂಡಿಸಬೇಕು. ಒಂದರಿಂದ ಎರಡಕ್ಕೆ ಮೂರು ಗೆರೆ, ಎರಡರಿಂದ ಮೂರಕ್ಕೆ ನಾಲ್ಕು, ಮೂರರಿಂದ ನಾಲ್ಕಕ್ಕೆ ಐದು. ನಾಲ್ಕಕ್ಕೆ ಒಟ್ಟು ಹನ್ನೆರಡು. ನಮಗೆ ಈ ವೇಗ ಸರಿಹೋಗಿದೆ.

ಇದರಲ್ಲಿ ನಾನು ಎಣಿಸದೇ ಇದ್ದ ಒಂದು ಲಾಭ ಆಯಿತು. ಎಡಗಡೆಯವರು ಸಾಲು ಹೇಳಬೇಕಾದ್ದರಿಂದ ಅವರು ಪಕ್ಕದವರ ಆಟವನ್ನು ಗಮನ ಇಟ್ಟು ನೋಡುತ್ತಾರೆ. ತನ್ನ ಸರದಿ ಇಲ್ಲದಾಗ ಮೊಬೈಲ್ ನೋಡುವುದು ತಾನಾಗಿ ನಿಂತಿತು. "ಬಾವಿಗೆ ಬಿದ್ದ ಶತ್ರುವಿಗೆ ಹಗ್ಗ ಇಳಿಸಿದ" ಅಂತ ತಂಗಿ ಒಮ್ಮೆ ಹೇಳಿದಳು. ಆ ಸಾಲಿಗೆ ಯಾರೂ ಕೇಳದೆಯೇ ಎರಡು ಗೆರೆ ಕೊಟ್ಟರು.

ಈಗ ಸತ್ತವರ ವಿಷಯಕ್ಕೆ ಬರುತ್ತೇನೆ. ಆಟ ಬಿಟ್ಟುಹೋದ ಗೆಳೆಯನದು ಏನಾಗಿತ್ತು ಅಂದರೆ, ನಾಲ್ಕನೇ ಲೆವೆಲ್ ಗುಂಪಿಗೆ ಒಂದನೇ ಲೆವೆಲ್ ವಿಝಾರ್ಡ್, ಅಂದರೆ ಮಂತ್ರವಾದಿಯನ್ನು, ತಂದಿದ್ದ. ಹಾಗೆ ತರಬೇಕು ಅಂದವನು ನಾನೇ. ಹಳೇ ಆಟಗಳಲ್ಲಿ ಅದು ಸಾಮಾನ್ಯ, ಅದಕ್ಕೆ ಕಾರಣವೂ ಇತ್ತು. 1981ರ ನಿಯಮದಲ್ಲಿ ಫೈಟರ್‌ಗೆ 2,000, 4,000, 8,000, 16,000 ಹೀಗೆ ಶುರುವಿನ ಪ್ರತಿ ಲೆವೆಲ್‌ಗೂ ದುಪ್ಪಟ್ಟು ಬೇಕು. ಹಾಗಾಗಿ ಗುಂಪು ಒಂದು ಲೆವೆಲ್ ಏರುವಷ್ಟರಲ್ಲಿ ಹೊಸಬ ಅವರಿಗಿಂತ ಒಂದೇ ಹೆಜ್ಜೆ ಹಿಂದೆ ಬಂದು ನಿಂತಿರುತ್ತಾನೆ. ಲೆಕ್ಕ ಚೆಂದ ಇದೆ. ಆದರೆ ಅಲ್ಲಿಯವರೆಗೆ ಬದುಕಿರಬೇಕಲ್ಲ. ಏಳು ಎಚ್‌ಪಿ ಇರುವವನು ಓಗರ್ ಎದುರು ಒಂದು ಪೆಟ್ಟಿಗೆ ಹೋಗುತ್ತಾನೆ, ಅವನೂ ಹಾಗೇ ಹೋದ. ಅದು ನನ್ನ ತಪ್ಪು ಅಂತ ಅವನ ಮನೆಗೇ ಹೋಗಿ ಹೇಳಿದೆ.

ಶಾಸನಗಳಲ್ಲಿ ಇದಕ್ಕೂ ಒಂದು ಪದ ಇದೆ, ನೆತ್ತರುಗೊಡಗೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ. ಅದನ್ನೇ ನಿಯಮ ಮಾಡಿದೆ. ಹೊಸ ಪಾತ್ರ ಸತ್ತವರಿಗೆ ಏನಾದರೂ ಆಗಿರಬೇಕು: ತಮ್ಮ, ಮಗಳು, ಶಿಷ್ಯೆ, ಒಂದೇ ಊರಿನವನು. ಸತ್ತವರಿಗಿಂತ ಒಂದು ಲೆವೆಲ್ ಕೆಳಗೆ ಶುರು ಮಾಡುತ್ತಾರೆ, ಅದಕ್ಕಿಂತ ಕೆಳಗಲ್ಲ. ಸತ್ತವರ ಒಂದು ವಸ್ತು ಅವರಿಗೆ ಸೇರುತ್ತದೆ, ಗುಂಪಿನವರು ಹಂಚಿಕೊಳ್ಳುವಂತಿಲ್ಲ. ಜೊತೆಗೆ ಒಂದು ವೀರಗಲ್ಲು ನಿಲ್ಲಿಸಬೇಕು, ಅದರ ಮೇಲೆ ಸತ್ತವರ ಸಾಲುಗಳಲ್ಲಿ ಎಲ್ಲರೂ ಆರಿಸಿದ ಒಂದು ಸಾಲು. ಪ್ರತಿ ಭಾನುವಾರ ಒಂದೇ ಒಂದು ಸಲ, ಯಾರಾದರೂ ಆ ಕಲ್ಲು ಮುಟ್ಟಿ, ಸಾಲನ್ನು ಜೋರಾಗಿ ಹೇಳಿ, ಒಂದು ದಾಳವನ್ನು ಮತ್ತೆ ಹಾಕಬಹುದು. ಆಮೇಲೆ ಕಲ್ಲನ್ನು ಮಲಗಿಸಿಡಬೇಕು.

ಕಲ್ಲು ಅಂದರೆ ನಿಜವಾದ ಕಲ್ಲೇ. ರಟ್ಟಿನಲ್ಲಿ ಮಾಡಿ ನೋಡಿದೆ, ಮುಟ್ಟಿದರೆ ಏನೂ ಅನ್ನಿಸಲಿಲ್ಲ.

ಹೊಯ್ಸಳರ ಗುಡಿಗಳು ಬಳಪದ ಕಲ್ಲಿನವು, ಮೆತ್ತಗಿರುತ್ತದೆ, ಆದ್ದರಿಂದಲೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಹಳೇಬೀಡಿನ ಕಡೆ ಕಲ್ಲು ಕೆತ್ತುವವರೊಬ್ಬರ ಹತ್ತಿರ ಕೆಲಸಕ್ಕೆ ಬಾರದ ಎರಡು ಚೂರು ತಂದೆ. ಹ್ಯಾಕ್ಸಾ ಬ್ಲೇಡಿನಲ್ಲೇ ಕೊಯ್ಯಬಹುದು. ಆರು ಇಂಚು ಎತ್ತರ, ಮೂರೂವರೆ ಅಗಲ, ಮುಕ್ಕಾಲು ಇಂಚು ದಪ್ಪ. ಮೊದಲ ಚೂರು ಮುರಿಯಿತು. ಈ ಕಲ್ಲಿಗೆ ಪದರ ಇರುತ್ತದೆ, ನಾನು ಪದರ ನೋಡದೆ ಉಳಿಗೆ ಪೆಟ್ಟು ಕೊಟ್ಟೆ, ಮೇಲಿನ ಮೂರು ಇಂಚು ಕೈಗೆ ಬಂತು. ಎರಡನೆಯದಕ್ಕೆ ಸುತ್ತಿಗೆ ಮುಟ್ಟಲೇ ಇಲ್ಲ. ಜಾಮಿಟ್ರಿ ಬಾಕ್ಸಿನ ಕೈವಾರದ ಮೊನೆಯಿಂದ ಗೆರೆ ಎಳೆದು, ಹಳೇ ಸ್ಕ್ರೂಡ್ರೈವರ್ ಮಸೆದು ಚೂಪು ಮಾಡಿಕೊಂಡು, ಕೈಯಿಂದಲೇ ಕೆರೆದೆ. ಕಲ್ಲನ್ನು ಒದ್ದೆ ಮಾಡಿಕೊಂಡೇ ಕೆರೆಯಬೇಕು. ಒಣ ಪುಡಿ ಉಸಿರಿಗೆ ಹೋದರೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುವುದು. ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ನನ್ನ ಕೈಗೆ ಅಪ್ಸರೆಯರು ಒಲಿಯಲಿಲ್ಲ. ಹಾಗಾಗಿ ಕೆಳಗೆ ಅವಳು ಸತ್ತ ಜಾಗ, ನಡುವೆ ಸಾಲು, ಮೇಲೆ ಸೂರ್ಯ ಚಂದ್ರ ಮಾತ್ರ. 120, 220, 400 ನಂಬರಿನ ಉಪ್ಪುಕಾಗದ ಹಾಕಿ ತಿಕ್ಕಿದೆ. ಕೊನೆಗೆ ಕೊಬ್ಬರಿ ಎಣ್ಣೆ ಸವರಿದೆ. ಬೂದು ಬಣ್ಣದ ಕಲ್ಲು ಕಣ್ಣೆದುರೇ ಕಪ್ಪಗಾಗುತ್ತದೆ, ಬೇಲೂರಿನ ಕಂಬಗಳ ಹಾಗೆ. ಅಕ್ಷರದ ಗೆರೆಯೊಳಗೆ ಎಣ್ಣೆ ತಾಗದಂತೆ ಬಟ್ಟೆ ಬೆರಳಿಗೆ ಸುತ್ತಿ ಒರೆಸಿದ್ದರಿಂದ ಅಕ್ಷರ ಮಾತ್ರ ಬೆಳ್ಳಗೆ ಉಳಿಯಿತು. ಕೆಳಗೆ ನಿಲ್ಲಿಸಲು ಸಿಲ್ವರ್ ಓಕ್ ತುಂಡಿಗೆ ಒಂದು ಸೀಳು ಕೊಯ್ದಿದ್ದೇನೆ. ಒಟ್ಟು ನಾಲ್ಕು ಸಂಜೆಯ ಕೆಲಸ.

"ಅವಳು" ಅಂದೆನಲ್ಲ. ಚನ್ನಿ ಅಂತ, ಸಕಲೇಶಪುರದವನ ಬಿಲ್ಲುಗಾರ್ತಿ, ನಾಲ್ಕನೇ ಲೆವೆಲ್. ಊರಿನ ದನಗಳನ್ನು ಬಿಡಿಸಿಕೊಂಡು ಹೊಳೆ ದಾಟಿಸುತ್ತಿದ್ದರು, ಹಿಂದೆ ಕಳ್ಳರು. ಅವಳು ಕಡವಿನಲ್ಲಿ ಒಬ್ಬಳೇ ನಿಂತಳು. ಹಿಂದಿನ ವಾರದ ಒಂದು ಗಾಯ ಮಾಯದೇ ಉಳಿದಿತ್ತು, ಅವನ ಮುಂದೆ ಒಂದು ಚೆರಿ ಕಾಯಿ. ಬಿದ್ದಳು. ಒಂದು ಲೋಟ. ಎರಡನೇ ಲೋಟ. ಒಂದು ಬಾಣ ಬಂತು, ಲೋಟದ ಮೇಲೆ ಅಡಿಕೆ. ಮೂರನೇ ಲೋಟ. ಮೇಡಂ ನೀರಿನಲ್ಲಿ ಓಡಿ ಬಂದು ಮುಟ್ಟಿದರು.

ಅವನೇ ಎತ್ತಿದ. ಮೊದಲನೆಯದು 14, ಗೆಲುವು. ಎರಡನೆಯದು 7. ಅಡಿಕೆಯನ್ನು ಪಕ್ಕಕ್ಕೆ ಇಟ್ಟ, ಅದು ಎರಡನೇ ಸೋಲು. ಮೂರನೇ ಲೋಟ ಎತ್ತುವಾಗ ಕೈ ನಿಧಾನವಾಯಿತು. 10. ತಂಗಿ "ಉಳಿದಳು!" ಅಂತ ಕೂಗಿದಳು. ಅವನು ಏನೂ ಹೇಳದೆ ಚೆರಿ ಕಾಯಿಯನ್ನು ಎತ್ತಿ ದಾಳದ ಪಕ್ಕ ಇಟ್ಟ. ಅವಳಿಗೆ ಬೇಕಾಗಿದ್ದದ್ದು 11.

ಬದುಕಿಸುವ ದಾರಿ ಇತ್ತು. ಒಂದು ನಿಮಿಷದೊಳಗೆ ಏಳಿಸುವ ರಿವಿವಿಫೈ ಮಂತ್ರಕ್ಕೆ 300 ಚಿನ್ನದ ವಜ್ರ ಬೇಕು, ಅದು ಮೇಡಂ ಆಡುವ ಅರ್ಚಕರ ಪಾತ್ರವಾದ ಕ್ಲೆರಿಕ್‌ಗೆ ಐದನೇ ಲೆವೆಲ್‌ನಲ್ಲಿ ಸಿಗುತ್ತದೆ, ಮೇಡಂ ಇನ್ನೂ ನಾಲ್ಕು. ರೈಸ್ ಡೆಡ್ ಅಂತ ಇನ್ನೊಂದಿದೆ, 500 ಚಿನ್ನದ ವಜ್ರ, ಸತ್ತು ಹತ್ತು ದಿನದೊಳಗೆ. ಅದನ್ನು ಬಲ್ಲ ಅರ್ಚಕರು ಆರು ದಿನದ ದಾರಿಯ ಪಟ್ಟಣದಲ್ಲಿ. ನಮ್ಮ ನಿಯಮದಲ್ಲಿ ಒಮ್ಮೆ ಕಲ್ಲು ನೆಟ್ಟರೆ ಯಾವ ಮಂತ್ರವೂ ನಡೆಯುವುದಿಲ್ಲ. ಆ ಭಾನುವಾರ ಪೂರ್ತಿ ಒಂದು ದಾಳವೂ ಬೀಳಲಿಲ್ಲ, ಬರೀ ಮಾತು. ದುಡ್ಡು ಕೂಡಿಸಿದರೆ ಆಗುತ್ತಿತ್ತು. ಆದರೆ ಆ ಹನ್ನೆರಡು ದಿನ ಹಳ್ಳಿಯನ್ನು ಯಾರು ಕಾಯುವುದು? ಕೊನೆಗೆ ಸಕಲೇಶಪುರದವನೇ ಹೇಳಿದ, "ಅವಳು ದನಕ್ಕೋಸ್ಕರ ನಿಂತಳು. ಈಗ ದನ ಬಿಟ್ಟು ಅವಳನ್ನ ಹೊತ್ಕೊಂಡು ಹೋದ್ರೆ ಅವಳಿಗೇ ಬೇಜಾರಾಗತ್ತೆ. ಇಲ್ಲೇ ನೆಡಿ."

ಕಲ್ಲಿನ ಮೇಲಿನ ಸಾಲು: ಕಡವಿನಲ್ಲಿ ನಿಂತಳು, ದನ ದಾಟಿದವು.

ಈಗ ಅವನು ಚನ್ನಿಯ ತಮ್ಮನನ್ನು ಆಡುತ್ತಿದ್ದಾನೆ, ಮೂರನೇ ಲೆವೆಲ್, ಅಕ್ಕನ ಬಿಲ್ಲು ಅವನದು. ಬಿಟ್ಟುಹೋಗಿದ್ದ ಗೆಳೆಯನೂ ವಾಪಸ್ ಬಂದಿದ್ದಾನೆ, ಅವನ ಹಳೇ ಪಾತ್ರಕ್ಕೂ ತಡವಾಗಿಯಾದರೂ ಕಲ್ಲು ಬೇಕು ಅಂತ ಕೇಳಿದ, ಕೊಡಬೇಕು, ಇನ್ನೊಂದು ಚೂರು ತರಬೇಕು. ಸರಿಹೋಗದ್ದು ಇನ್ನೂ ಇದೆ. ಕಲ್ಲುಗಳು ಮೂರು ನಾಲ್ಕಾದರೆ ಪ್ರತಿ ವಾರ ಅಷ್ಟು ಸಲ ದಾಳ ಮತ್ತೆ ಹಾಕಬಹುದು, ಆಟ ಸಲೀಸಾಗಿಬಿಡುತ್ತದೆ. ಎಷ್ಟೇ ಕಲ್ಲಿದ್ದರೂ ವಾರಕ್ಕೆ ಎರಡೇ ಸಲ ಅಂತ ಮಿತಿ ಹಾಕಿ ನೋಡುತ್ತಿದ್ದೇವೆ.

ಹೋದ ಸಲ ತಂಗಿಯ ಫೈಟರ್ ಜೊತೆಗಿದ್ದ ನಾಯಿ ಕಾಡುಹಂದಿಗೆ ಸಿಕ್ಕಿ ಸತ್ತಿತು. ನಾಯಿಗೆ ಕಲ್ಲು ಉಂಟೋ ಇಲ್ಲವೋ ಅಂತ ಅವಳು ಕೇಳಿದಾಗ ಆತಕೂರಿನ ಶಾಸನ ತೋರಿಸಿದೆ. ಕ್ರಿ.ಶ. 949ರ ಸುಮಾರಿನದು, ಮಂಡ್ಯ ಜಿಲ್ಲೆಯದು. ಮಣಲೆರ ಅನ್ನುವ ವೀರ ಬಹುಮಾನವಾಗಿ ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದಿದ್ದ. ಅದು ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು, ಅದಕ್ಕೆ ಕಲ್ಲು ನಿಲ್ಲಿಸಿದರು. ಅಲ್ಲಿಗೆ ನಿಯಮ ಪಾಸಾಯಿತು. ಮೊದಲು ಮುರಿದ ಚೂರಿನ ಮೇಲಿನ ಮೂರು ಇಂಚು ಇನ್ನೂ ನನ್ನ ಹತ್ತಿರ ಇದೆ, ಅದನ್ನೇ ನಿನ್ನೆ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಸಾಲು ಏನು ಅನ್ನುವುದನ್ನು ಈ ಭಾನುವಾರ ತಂಗಿಯ ಎಡಗಡೆ ಕೂರುವ ಮೇಡಂ ಹೇಳಬೇಕು.